ಅರುವತ್ತಾರನೆಯ ಹೆದ್ದಾರಿ ಮುಗಿಯುವುದೆಲ್ಲಿ?

ದಾರಿಯೆಂದ ಮೇಲೆ ಅದಕ್ಕೆ ಮೊದಲೊಂದು, ಕೊನೆಯೊಂದು ಇರಲೇಬೇಕೆಂದು ನಾವೆಲ್ಲರೂ ಎಣಿಸುವೆವು. ಹೊರಡುವ ಊರು ಯಾವುದು, ಸೇರುವ ಊರು ಯಾವುದು ಎಂಬಿಷ್ಟು ಗೊತ್ತಾದರೆ ದಾರಿಯ ವಿಷಯದಲ್ಲಿ ತಿಳಿಯಬೇಕಾದುದು ಇನ್ನೇನೂ ಉಳಿಯದೆಂಬುದೇ ಸಾಮಾನ್ಯವಾದ ಭಾವನೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹು ಪ್ರಸಿದ್ಧವಾದ ಹೆದ್ದಾರಿಯೊಂದುಂಟು. ಅದರ ಕೊನೆ ಎಲ್ಲಿ ಎಂದು ಕೇಳಿದರೆ ನಾಲ್ಕಾರು ಬಗೆಯ ಉತ್ತರಗಳು ಬರುವುವು. ಒಂದೊಂದು ಉತ್ತರದ ಹಿಂದೆಯೂ ಒಂದೊಂದು ಕಥೆಯಿರುವುದು. ಆ ಕಥೆಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ದಾರಿಯು ಹೆಸರಿಗಿಂತ ಸಂಖ್ಯೆಯಿಂದಲೇ ಪ್ರಸಿದ್ಧ: ಅರುವತ್ತಾರು. ಉತ್ತರದ ಮಹಾನಗರವಾದ ಷಿಕಾಗೊವಿನಿಂದ ಹೊರಟು, ಇಲಿನಾಯ್, ಮಿಸ್ಸೂರಿ, ಕ್ಯಾನ್ಸಾಸ್, ಓಕ್ಲಹೋಮ, ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನ, ಕ್ಯಾಲಿಫೋರ್ನಿಯ ಎಂಬ ಎಂಟು ಸಂಸ್ಥಾನಗಳನ್ನು ಹಾಯ್ದು, ೨,೪೪೮ ಮೈಲಿಗಳಷ್ಟು ನಡೆದು ಪಶ್ಚಿಮ ಸಮುದ್ರದ ಕಡೆಗೆ ಬರುವುದು. ಇಂದು ಈ ದಾರಿಯನ್ನು ಪೂರ್ತಿಯಾಗಿ ಸವೆಸಿದ ಪ್ರವಾಸಿಕರು ಕಡೆಗೆ ಬಂದು ನಿಲ್ಲುವುದು ಲಾಸ್ ಏಂಜಲೀಸ್ ನಗರಕ್ಕೆ ಹೊಂದಿಕೊಂಡಿರುವ ಸಾಂಟ ಮೋನಿಕ ಎಂಬ ಊರಿನ ಧಕ್ಕೆಯ ಮೇಲೆ. ೧೯೦೯ರಲ್ಲಿ ಬಳಕೆಗೆ ಬಂದ ಈ ಹಳೆಯ ಧಕ್ಕೆಯು ಸಮುದ್ರದೊಳಕ್ಕೆ ಬಹುದೂರ ಚಾಚಿಕೊಂಡಿರುವುದು. ಅದರ ಮೇಲೆ ತಿರುಗುವ ತೊಟ್ಟಿಲು, ತಿಂಡಿಯ ಅಂಗಡಿ, ಗಾಳ ಹಾಕಿ ಕುಳಿತವರು, ಮಕ್ಕಳ ಗಲಭೆ. ಇವುಗಳ ನಡುವೆ ಒಂದು ಕಂಬ, ಕಂಬದ ಮೇಲೆ 'ದಾರಿಯ ಕೊನೆ' ಎಂಬರ್ಥದ ಒಂದು ಫಲಕ. ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವುದಕ್ಕಾಗಿ ದೇಶದೇಶಗಳಿಂದ ಬಂದ ಜನರು ಸರದಿ ಕಾಯುವರು.

ಈ ಫಲಕವನ್ನು ಅಲ್ಲಿ ನೆಟ್ಟದ್ದು ೨೦೦೯ರಲ್ಲಿ. ಆದರೆ ಅರುವತ್ತಾರನೆಯ ಹೆದ್ದಾರಿಯನ್ನು ಸರ್ಕಾರದ ಪಟ್ಟಿಯಿಂದ ಹೊಡೆದುಹಾಕಿದುದು ೧೯೮೫ರಲ್ಲಿ. ಎಂದರೆ, ದಾರಿಯು ಕಾಗದದ ಮೇಲೆ ಇಲ್ಲವಾಗಿ ೨೪ ವರ್ಷಗಳಾದ ಬಳಿಕ ಅದಕ್ಕೊಂದು ಕೊನೆಯನ್ನು ನಿಲ್ಲಿಸಿದಂತಾಯಿತು. ಅದೂ ಹೋಗಲಿ, ಹೆದ್ದಾರಿಯು ಬಳಕೆಯಲ್ಲಿದ್ದ ಕಾಲದಲ್ಲಿಯೂ ಈ ಧಕ್ಕೆಯ ಮೇಲಕ್ಕೆ ಎಂದೂ ಬಂದುದಿಲ್ಲ. ಹಾಗಾದರೆ ನಿಜವಾದ ಕೊನೆ ಯಾವುದು?

ಇದನ್ನು ತಿಳಿಯಬೇಕಾದರೆ ದಾರಿ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ೧೯೨೬ಕ್ಕೆ ಮೊದಲು ಅಮೆರಿಕದ ದೂರದ ಮಾರ್ಗಗಳಿಗೆ ಬಗೆಬಗೆಯ ಹೆಸರುಗಳಿದ್ದುವು. ಒಂದೇ ಮಾರ್ಗಕ್ಕೆ ಎರಡು ಹೆಸರು, ಒಂದೇ ಹೆಸರಿಗೆ ಎರಡು ಮಾರ್ಗ ಎಂಬಂತೆ ಗೊಂದಲವಾಗುತ್ತಿದ್ದಿತು. ಆದುದರಿಂದ ಎಲ್ಲಕ್ಕೂ ಸಂಖ್ಯೆಗಳನ್ನು ಕೊಡಬೇಕೆಂದು ನಿಶ್ಚಯವಾಯಿತು. ಪೂರ್ವಪಶ್ಚಿಮವಾಗಿ ದೇಶವನ್ನು ದಾಟುವ ಮುಖ್ಯ ಮಾರ್ಗಗಳಿಗೆ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಗಳು. ಓಕ್ಲಹೋಮದ ಟಲ್ಸ ನಗರದ ಸೈರಸ್ ಏವರಿ ಎಂಬ ಗೃಹಸ್ಥರು ಈ ಕೆಲಸದಲ್ಲಿ ಮುಂದಾಳುಗಳಲ್ಲೊಬ್ಬರು. ತಮ್ಮ ಊರಿನ ಮೇಲೆ ಹಾದುಹೋಗುವಂತೆ ಷಿಕಾಗೊ–ಲಾಸ್ ಏಂಜಲೀಸ್ ಮಾರ್ಗವನ್ನು ಗುರುತು ಮಾಡಿಸಿ, ಅದಕ್ಕೆ ಅರುವತ್ತು ಎಂಬ ಸಂಖ್ಯೆಯನ್ನು ಬಯಸಿದರು. ಕೆಂಟಕಿ ಸಂಸ್ಥಾನದವರು ಅರುವತ್ತು ತಮಗೆ ಬೇಕೆಂದು ಹಟ ಹಿಡಿದರು. ಕಡೆಗೆ ಏವರಿಯವರು ೧೯೨೬ರ ಏಪ್ರಿಲ್ ೩೦ರಂದು ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಕುಳಿತು, ಯಾರಿಗೂ ಸೇರದೆ ಉಳಿದಿದ್ದ ಅರುವತ್ತಾರು ಎಂಬ ಸಂಖ್ಯೆಯೇ ಸಾಕೆಂದು ತಂತಿ ಕಳುಹಿಸಿದರು. ಅದೇ ವರ್ಷದ ನವೆಂಬರ್ ೧೧ರಂದು ದಾರಿಗೆ ಅಂಗೀಕಾರ ದೊರೆಯಿತು.

ಆಗ ಅದರಲ್ಲಿ ಗಟ್ಟಿಯಾಗಿ ಹಾಸಿದ ಭಾಗವು ಸುಮಾರು ೮೦೦ ಮೈಲಿ ಮಾತ್ರ. ಮಿಕ್ಕುದೆಲ್ಲ ಜಲ್ಲಿ, ಮಣ್ಣು, ಕೆಲವು ಕಡೆ ಹಲಗೆ. ಹೊಸದಾಗಿ ಕಡಿದ ಮಾರ್ಗವೂ ಅದಲ್ಲ; ಹಳ್ಳಿಹಳ್ಳಿಗಳ ಪೇಟೆಬೀದಿಗಳನ್ನೇ ಒಂದಕ್ಕೊಂದು ಪೋಣಿಸಿ ಮಾಡಿದ ಸರ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುವೆವು. ಮುಂದೆ ದಾರಿಯು ಬದುಕಿದುದೂ ಸತ್ತುದೂ ಇದರಿಂದಲೇ. ಎಲ್ಲವನ್ನೂ ಹಾಸಿ ಮುಗಿಸುವ ವೇಳೆಗೆ ೧೯೩೮ ಆಗಿದ್ದಿತು.

ಇನ್ನು ಕೊನೆಯ ವಿಷಯ. ಮೊದಲಲ್ಲಿ ಹೆದ್ದಾರಿಯು ಲಾಸ್ ಏಂಜಲೀಸ್ ನಗರದ ನಡುವೆ, ಏಳನೆಯ ಬೀದಿಯೂ ಬ್ರಾಡ್‌ವೇ ಎಂಬ ಬೀದಿಯೂ ಕೂಡುವಲ್ಲಿ ಮುಗಿಯುತ್ತಿದ್ದಿತು. ಅಲ್ಲಿ ಸಮುದ್ರದ ಸುಳಿವೂ ಇಲ್ಲ. ೧೯೩೬ರಲ್ಲಿ ಅದನ್ನು ಪಶ್ಚಿಮಕ್ಕೆ ಬೆಳೆಸಿ ಸಾಂಟ ಮೋನಿಕಕ್ಕೆ ತಂದರು. ಆಗಲೂ ಅಲೆಗಳವರೆಗೆ ತರಲಿಲ್ಲ. ಲಿಂಕನ್ ಮತ್ತು ಒಲಿಂಪಿಕ್ ಎಂಬೆರಡು ಬೀದಿಗಳು ಕೂಡುವಲ್ಲಿ ಇನ್ನೊಂದು ಸಂಖ್ಯೆಯ ಹೆದ್ದಾರಿ ಅಡ್ಡಬರುತ್ತಿದ್ದುದರಿಂದ ಅಲ್ಲಿಗೇ ನಿಲ್ಲಿಸಿದರು. ೧೯೫೨ರಲ್ಲಿ, ಓಕ್ಲಹೋಮದ ಹಾಸ್ಯಗಾರ ವಿಲ್ ರೋಜರ್ಸರ ಹೆಸರನ್ನು ದಾರಿಗೆ ಇಟ್ಟು, ಸಮುದ್ರವನ್ನು ನೋಡುವ ದಿಬ್ಬದ ಮೇಲಿನ ಉದ್ಯಾನದಲ್ಲಿ ಒಂದು ಶಾಸನಫಲಕವನ್ನು ಹಾಕಿದರು. ಜನರು ಅದನ್ನೇ ಕೊನೆಯೆಂದು ತಿಳಿದರು. ೧೯೬೪ರಲ್ಲಿ ಸಂಸ್ಥಾನದವರು ದಾರಿಯ ತುದಿಯನ್ನು ಹಿಂದಕ್ಕೆ ಎಳೆದು ಪಸಡೀನದಲ್ಲಿ ನಿಲ್ಲಿಸಿದರು. ಕಡೆಗೆ ಬಂದುದು ಧಕ್ಕೆಯ ಮೇಲಿನ ಫಲಕ. ಹೀಗೆ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಒಂದು ದಾರಿಯ ಕೊನೆಯು ನಾಲ್ಕು ಸಲ ಸ್ಥಳ ಬದಲಾಯಿಸಿತು.

ಪೂರ್ವದಿಂದ ಬರುವವರಿಗೆ ಕೊನೆಯ ಘಟ್ಟ ಹೇಗಿರುವುದೆಂಬುದನ್ನು ಎರಡು ಮಾತಿನಲ್ಲಿ ಹೇಳುವೆವು. ಅರಿಜೋನದ ಬೆಟ್ಟಗಳನ್ನಿಳಿದು ಕಾಲೊರಾಡೊ ನದಿಯನ್ನು ದಾಟಿದರೆ ಕ್ಯಾಲಿಫೋರ್ನಿಯ. ಹೆಸರು ಕೇಳಿ ಹಣ್ಣಿನ ತೋಟಗಳನ್ನು ನಿರೀಕ್ಷಿಸಿ ಬಂದವರಿಗೆ ಮೊದಲು ಎದುರಾಗುವುದು ಮೊಹಾವೆ ಮರುಭೂಮಿ. ನೀಡಲ್ಸ್ ಎಂಬ ಊರಿನಿಂದ ಬಾರ್‌ಸ್ಟೊವರೆಗೆ ೧೫೦ ಮೈಲಿಗೂ ಮಿಕ್ಕ ದೂರ ಕಲ್ಲು, ಉಸುಬು, ಕುರುಚಲು. ಆಮೇಲೆ ಕಹೋನ್ ಎಂಬ ಕಣಿವೆಯಲ್ಲಿ ಇಳಿದರೆ ಸ್ಯಾನ್ ಬರ್ನಾಡೀನೊ. ಅಲ್ಲಿಂದ ಸಮುದ್ರದವರೆಗೆ ಊರಿಗೆ ಊರು ಅಂಟಿಕೊಂಡಿರುವುದು. ಒಂದು ಕೆಂಪು ದೀಪದಿಂದ ಇನ್ನೊಂದು ಕೆಂಪು ದೀಪಕ್ಕೆ ತೆವಳಬೇಕು. ಎರಡು ಸಾವಿರ ಮೈಲಿ ಸುಖವಾಗಿ ಬಂದವರಿಗೂ ಈ ಎಂಬತ್ತು ಮೈಲಿ ಬೇಸರ. ಹಿಂದಿನ ಆಸನದಿಂದ ಮಕ್ಕಳು, ಇನ್ನೆಷ್ಟು ದೂರವೆಂದು ಕೇಳುವುದನ್ನು ಸಹ ಬಿಟ್ಟುಬಿಡುವರು. ಕಡೆಗೆ ಬೀದಿಯ ತುದಿಯಲ್ಲಿ ನೀರಿನ ಗೆರೆ ಕಾಣುವುದು. ಸಂತೋಷವೇನೋ ಆಗುವುದು, ಅದರ ಬೆನ್ನಿಗೇ, ನಾಳೆ ಬೆಳಗ್ಗೆ ಗಾಡಿ ಕಟ್ಟುವ ಕೆಲಸವಿಲ್ಲವಲ್ಲ ಎಂಬ ಒಂದು ಬಗೆಯ ಬರಿದುತನವೂ ಆಗುವುದು. ಮನೆಗೆ ಹಿಂದಿರುಗಲು ಟಿಕೆಟ್ಟು ಕೈಯಲ್ಲಿರುವವರಿಗೆ ಇದಕ್ಕಿಂತ ಹೆಚ್ಚಿನ ಕಷ್ಟವಿಲ್ಲ. ಆದರೆ ಹಿಂದಿರುಗಲು ಮನೆಯೇ ಇಲ್ಲದವರೂ ಈ ದಾರಿಯಲ್ಲಿ ಬಂದುದುಂಟು.

ಕ್ರಿ. ಶ. ೧೯೩೦ರ ದಶಕದಲ್ಲಿ ಅಮೆರಿಕದ ನಡುಬಯಲಿನಲ್ಲಿ ವರ್ಷಾನುವರ್ಷ ಮಳೆ ತಪ್ಪಿತು. ಹುಲ್ಲುಗಾವಲನ್ನು ಅಗೆದು ಗೋಧಿ ಬಿತ್ತಿದ್ದ ನೆಲದ ಮೇಲ್ಮಣ್ಣು ಗಾಳಿಗೆ ಎದ್ದು, ಹಗಲನ್ನೇ ಕತ್ತಲೆ ಮಾಡುವಂತೆ ಧೂಳಿನ ಬಿರುಗಾಳಿಯಾಯಿತು. ಬೆಲೆಗಳು ಕುಸಿದಿದ್ದುವು, ಸಾಲಕ್ಕೆ ಹೊಲ ಹೋಯಿತು, ಗೇಣಿಗೆ ಉಳುತ್ತಿದ್ದವರನ್ನು ಬಿಡಿಸಿದರು. ಓಕ್ಲಹೋಮ, ಟೆಕ್ಸಾಸ್, ಅರ್ಕನ್ಸಾ, ಮಿಸ್ಸೂರಿ ಮೊದಲಾದ ಕಡೆಗಳಿಂದ ಲಕ್ಷಾಂತರ ಜನರು ಹಾಸಿಗೆ, ಒಲೆ, ಪಾತ್ರೆಗಳನ್ನು ಹಳೆಯ ಮೋಟಾರುಗಳ ಮೇಲೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಕ್ಕೆ ಹೊರಟರು. ಅವರು ಹಿಡಿದ ಮುಖ್ಯವಾದ ದಾರಿ ಇದೇ ಅರುವತ್ತಾರು. ಜಾನ್ ಸ್ಟೈನ್‌ಬೆಕ್ ತನ್ನ ೧೯೩೯ರ ಕಾದಂಬರಿಯಲ್ಲಿ ಇದನ್ನು ತಾಯಿದಾರಿ ಎಂದು ಕರೆದುದು ಈ ಜನರನ್ನು ನೆನೆದೇ.

ಅರಿಜೋನದ ಓಟ್‌ಮನ್ ಬಳಿಯ ಕಡಿದಾದ ಏರಿನಲ್ಲಿ ಹಳೆಯ ಫೋರ್ಡ್ ಗಾಡಿಗಳು ಹಿಂದುಮುಂದಾಗಿ ಏರುತ್ತಿದ್ದುವು. ಆ ಗಾಡಿಗಳಲ್ಲಿ ಪೆಟ್ರೋಲು ತೊಟ್ಟಿಯಿಂದ ಇಂಜಿನಿಗೆ ತಾನಾಗಿಯೇ ಇಳಿದು ಬರಬೇಕಾಗಿದ್ದಿತು. ಮೂತಿ ಮೇಲಾದರೆ ಬರುತ್ತಿರಲಿಲ್ಲ. ಮರುಭೂಮಿಯನ್ನು ಬಿಸಿಲಿಗೆ ಹೆದರಿ ರಾತ್ರಿಯಲ್ಲಿ ದಾಟುತ್ತಿದ್ದರು. ಗಾಡಿಯ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ತೂಗುತ್ತಿದ್ದಿತು. ಬಾರ್‌ಸ್ಟೊ ಸೇರಿದ ಮೇಲೆ ಇವರಲ್ಲಿ ಬಹುಮಂದಿ ಸಮುದ್ರದ ಕಡೆಗೆ ಬರಲೇ ಇಲ್ಲ. ಬಲಕ್ಕೆ ತಿರುಗಿ, ತೆಹಾಚಪಿ ಬೆಟ್ಟವನ್ನು ದಾಟಿ, ಬೇಕರ್ಸ್‌ಫೀಲ್ಡಿನ ಸುತ್ತಲಿನ ಹತ್ತಿ ಮತ್ತು ಹಣ್ಣಿನ ಹೊಲಗಳಿಗೆ ಕೂಲಿಯನ್ನರಸಿ ಇಳಿದರು. ಅವರಿಗೆ ಅರುವತ್ತಾರನೆಯ ಹೆದ್ದಾರಿಯ ಕೊನೆಯೆಂದರೆ ಬಾರ್‌ಸ್ಟೊವಿನ ಆ ತಿರುವು. ಅಲ್ಲಿ ಫಲಕವಿಲ್ಲ, ಸರದಿಯಿಲ್ಲ.

ಅಲ್ಲಿಯವರೆಗೆ ಬರಗೊಟ್ಟರಾದರೂ ಪುಣ್ಯ. ೧೯೩೬ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಪೊಲೀಸು ಮುಖ್ಯಾಧಿಕಾರಿಯಾದ ಜೇಮ್ಸ್ ಡೇವಿಸ್, ತನ್ನ ನಗರದ ೧೩೬ ಮಂದಿ ಪೊಲೀಸರನ್ನು ನೂರಾರು ಮೈಲಿ ದೂರದ ಗಡಿಗೆ ಕಳುಹಿಸಿ, ೧೬ ಕಡೆಗಳಲ್ಲಿ ಕಾವಲಿಟ್ಟನು. ಕೈಯಲ್ಲಿ ಹಣವೂ ಗೊತ್ತಾದ ಕೆಲಸವೂ ಇಲ್ಲದವರನ್ನು ಅಲ್ಲಿಂದಲೇ ಹಿಂದಕ್ಕಟ್ಟಿದರು. ತನ್ನ ದೇಶದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಬರುವ ಪ್ರಜೆಯನ್ನು ಬಡವನೆಂಬ ಕಾರಣದಿಂದ ತಡೆಯಬಹುದೆ? ಕಾವಲು ಕೆಲವು ವಾರಗಳಲ್ಲಿ ಮುಗಿದರೂ, ಬಡವರನ್ನು ಹೊರಗಿನಿಂದ ಕರೆತರುವುದು ಅಪರಾಧವೆಂಬ ಕಾಯಿದೆಯು ಕ್ಯಾಲಿಫೋರ್ನಿಯದಲ್ಲಿ ಉಳಿದೇ ಇದ್ದಿತು.

ಈ ಪ್ರಶ್ನೆಯನ್ನು ತೀರ್ಮಾನಕ್ಕೆ ತಂದವನು ಒಬ್ಬ ಸಾಮಾನ್ಯ ಸಂಸಾರಿ. ಕ್ಯಾಲಿಫೋರ್ನಿಯದ ಮೇರೀಸ್‌ವಿಲ್ಲಿನಲ್ಲಿದ್ದ ಎಡ್ವರ್ಡ್ಸ್ ಎಂಬಾತನು ಟೆಕ್ಸಾಸಿನ ಸ್ಪರ್ ಎಂಬ ಊರಿನಲ್ಲಿದ್ದ ತನ್ನ ಹೆಂಡತಿಯ ತಮ್ಮನನ್ನೋ ಅಣ್ಣನನ್ನೋ, ಅಂತೂ ಭಾವಮೈದುನನನ್ನು, ೧೯೪೦ರ ಜನವರಿ ೧ರಂದು ತನ್ನ ಹಳೆಯ ಗಾಡಿಯಲ್ಲಿ ಕೂಡಿಸಿಕೊಂಡು ಹೊರಟನು. ಭಾವಮೈದುನನಿಗೆ ಉದ್ಯೋಗವಿರಲಿಲ್ಲ. ಹೊರಡುವಾಗ ಅವನಲ್ಲಿದ್ದುದು ಸುಮಾರು ೨೦ ಡಾಲರು. ಐದನೆಯ ದಿನ ಮನೆ ಸೇರುವಾಗ ಅದೂ ತೀರಿದ್ದಿತು. ಸಂಬಂಧಿಕನನ್ನು ಮನೆಗೆ ಕರೆತಂದುದಕ್ಕಾಗಿ ಎಡ್ವರ್ಡ್ಸನ ಮೇಲೆ ಮೊಕದ್ದಮೆ ನಡೆದು ಆರು ತಿಂಗಳ ಸಜೆ ಗೊತ್ತಾಯಿತು; ಅದನ್ನು ಜಾರಿಗೆ ತರದೆ ತಡೆಹಿಡಿದರು. ಅವನು ಸುಮ್ಮನಿರಲಿಲ್ಲ. ಮೊಕದ್ದಮೆಯು ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೪೧ರ ನವೆಂಬರ್ ೨೪ರಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಆ ಕಾಯಿದೆಯು ಸಲ್ಲದೆಂದು ತೀರ್ಪಿತ್ತರು. ಈ ಭಾವ ಭಾವಮೈದುನರು ನೆವಾಡದ ಕಡೆಯಿಂದ ಕ್ಯಾಲಿಫೋರ್ನಿಯವನ್ನು ಹೊಕ್ಕವರು. ಆದರೆ ಅವರು ಗೆದ್ದ ತೀರ್ಪು ಅರುವತ್ತಾರರ ಸೇತುವೆಯನ್ನು ದಾಟಿ ಬಂದ ಎಲ್ಲರಿಗೂ ಸಂದಿತು.

ಒಳಗೆ ಬಂದವರಿಗೂ ತಂಗಲು ಎಡೆ ಸುಲಭವಾಗಿ ದೊರೆಯಲಿಲ್ಲ. ಕಾಲುವೆಯ ದಂಡೆಗಳಲ್ಲಿ ರಟ್ಟು, ತಗಡುಗಳ ಗುಡಿಸಲುಗಳೆದ್ದುವು. ಬೇಕರ್ಸ್‌ಫೀಲ್ಡಿಗೆ ದಕ್ಷಿಣದಲ್ಲಿ ಆರ್ವಿನ್ ಬಳಿ ಕೇಂದ್ರ ಸರ್ಕಾರದವರು ಒಂದು ಬಿಡಾರವನ್ನು ಕಟ್ಟಿ, ಸ್ನಾನಕ್ಕೆ ನೀರು, ಕಕ್ಕಸು, ಬಟ್ಟೆ ಒಗೆಯುವ ಸ್ಥಳ ಇವುಗಳನ್ನು ಒದಗಿಸಿದರು. ಬಿಡಾರದ ಆಡಳಿತವನ್ನು ಅಲ್ಲಿದ್ದವರೇ ಆರಿಸಿದ ಸಮಿತಿ ನೋಡಿಕೊಳ್ಳುತ್ತಿದ್ದಿತು. ಅದರ ಮೇಲ್ವಿಚಾರಕನಾಗಿದ್ದ ಟಾಮ್ ಕಾಲಿನ್ಸನನ್ನು ಸ್ಟೈನ್‌ಬೆಕ್ ತನ್ನ ಗ್ರಂಥದ ಅರ್ಪಣೆಯಲ್ಲಿ ನೆನೆದಿದ್ದಾನೆ. ತಿಂಗಳುಗಟ್ಟಲೆ ರಸ್ತೆಯ ಬದಿಯಲ್ಲಿ ಮಲಗಿ ಬಂದ ತಾಯಿಗೆ, ಮಕ್ಕಳ ತಲೆಗೆ ಬಿಸಿನೀರು ಹಾಕಲು ಒಂದು ಮರೆ ದೊರೆತ ದಿನವೇ ದಾರಿ ಮುಗಿದಂತೆ ಕಂಡಿರಬೇಕು.

ಇದೇ ದಾರಿಯಲ್ಲಿ ಹಣವಿದ್ದರೂ ಎಡೆ ದೊರೆಯದ ಇನ್ನೊಂದು ವರ್ಗದವರಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಈ ಹೆದ್ದಾರಿಯ ಊರುಗಳ ಹೆಸರುಗಳನ್ನು ಸಾಲಾಗಿ ಹೇಳುವ ಒಂದು ಹಾಡು ದೇಶದಲ್ಲೆಲ್ಲ ಮನೆಮಾತಾಯಿತು. ಬಾಬಿ ಟ್ರೂಪ್ ರಚಿಸಿದ ಅದನ್ನು ಮೊದಲು ಧ್ವನಿಮುದ್ರಿಸಿದವನು ನ್ಯಾಟ್ ಕಿಂಗ್ ಕೋಲ್ ಎಂಬ ನೀಗ್ರೋ ಜನಾಂಗದ ಗಾಯಕ. ಹಾಡು ಯಾವ ದಾರಿಗೆ ಜನರನ್ನು ಕರೆಯಿತೋ ಆ ದಾರಿಯ ಎಷ್ಟೋ ವಸತಿಗೃಹಗಳಲ್ಲಿ ಅವನ ಜನಾಂಗದವರಿಗೆ ಕೊಠಡಿಯಿಲ್ಲ, ಊಟದ ಮನೆಗಳಲ್ಲಿ ಪಂಕ್ತಿಯಿಲ್ಲ. ಕೆಲವು ಊರುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಅವರು ಇರಕೂಡದು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ನೆಲಸಿದ್ದ ವಿಕ್ಟರ್ ಗ್ರೀನ್ ಎಂಬ ಅಂಚೆಯ ಜವಾನನು, ಎಲ್ಲೆಲ್ಲಿ ತನ್ನವರನ್ನು ಇಳಿಸಿಕೊಳ್ಳುವರು, ಎಲ್ಲಿ ಪೆಟ್ರೋಲು ಕೊಡುವರು ಎಂಬುದನ್ನು ಕೂಡಿಸಿ ೧೯೩೬ರಿಂದ ಒಂದು ಕೈಪಿಡಿಯನ್ನು ಅಚ್ಚುಹಾಕಿಸತೊಡಗಿದನು. ಸಂಸಾರ ಕಟ್ಟಿಕೊಂಡು ಹೊರಟ ಆ ಜನರು ಬುತ್ತಿಯೊಡನೆ ಈ ಕೈಪಿಡಿಯನ್ನೂ ಗಾಡಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ೧೯೬೪ರ ಪೌರಹಕ್ಕುಗಳ ಕಾಯಿದೆಯು ಇಂಥ ಭೇದವನ್ನು ನಿಷೇಧಿಸಿದ ಮೇಲೆ ಅದರ ಪ್ರಕಟಣೆ ನಿಂತಿತು.

ಕಡೆಯದಾಗಿ ದಾರಿಯೇ ಮುಗಿದ ಕಥೆ. ೧೯೫೬ರಲ್ಲಿ, ಐಸನ್‌ಹೋವರ್ ಅಧ್ಯಕ್ಷರಾಗಿದ್ದಾಗ, ದೇಶವನ್ನೆಲ್ಲ ಹೆಣೆಯುವ ಅಗಲವಾದ ಹೊಸ ಹೆದ್ದಾರಿಗಳಿಗಾಗಿ ಕಾಯಿದೆಯಾಯಿತು. ಇವು ಊರುಗಳನ್ನು ಹೊಗುವುದಿಲ್ಲ, ಊರಿನಾಚೆ ಹೋಗುವುವು. ಪೇಟೆಬೀದಿಗಳನ್ನು ಪೋಣಿಸಿದ ಹಳೆಯ ದಾರಿಗೂ ಇವಕ್ಕೂ ಇದೇ ಭೇದ. ಅರಿಜೋನದ ಸೆಲಿಗ್ಮನ್ ಎಂಬ ಸಣ್ಣ ಊರಿನ ಪಕ್ಕದಲ್ಲಿ ಹೊಸ ಹೆದ್ದಾರಿಯು ೧೯೭೮ರ ಸೆಪ್ಟೆಂಬರ್ ೨೨ರಂದು ತೆರೆಯಿತು. ಅಂದಿನಿಂದ ಬೀದಿಯಲ್ಲಿ ಗಾಡಿಯ ಸದ್ದು ಅಡಗಿತು. ಊಟದ ಮನೆ, ಪೆಟ್ರೋಲಿನ ಅಂಗಡಿ, ವಸತಿಗೃಹಗಳು ಒಂದೊಂದಾಗಿ ಬಾಗಿಲು ಹಾಕಿದುವು. ೧೯೮೪ರ ಅಕ್ಟೋಬರಿನಲ್ಲಿ ವಿಲಿಯಮ್ಸ್ ಎಂಬ ಊರಿಗೂ ಇದೇ ಗತಿಯಾಯಿತು. ಹೊಸ ಹೆದ್ದಾರಿ ಬಳಸಿಹೋದ ಊರುಗಳಲ್ಲಿ ಅದೇ ಕೊನೆಯದು. ಮರುವರ್ಷದ ಜೂನಿನಲ್ಲಿ ಅರುವತ್ತಾರು ಎಂಬ ಸಂಖ್ಯೆಯನ್ನೇ ಪಟ್ಟಿಯಿಂದ ತೆಗೆದುಬಿಟ್ಟರು.

ಸೆಲಿಗ್ಮನ್ನಿನಲ್ಲಿ ಏಂಜಲ್ ಡೆಲ್ಗಡಿಲ್ಲೊ ಎಂಬ ಕ್ಷೌರಿಕರಿದ್ದರು. ೧೯೨೭ರಲ್ಲಿ, ದಾರಿ ಹುಟ್ಟಿದ ಮರುವರ್ಷ, ಅದೇ ದಾರಿಯ ಮೇಲೆ ಹುಟ್ಟಿದವರು. ತಮ್ಮ ಊರನ್ನು ಹೀಗೆ ಮರೆಯಬಾರದೆಂದು ಅವರು ೧೯೮೭ರಲ್ಲಿ ನೆರೆಯವರನ್ನು ಕೂಡಿಸಿ, ಹಳೆಯ ದಾರಿಯನ್ನು ಉಳಿಸುವ ಸಂಘವನ್ನು ಕಟ್ಟಿದರು. ಬೆನ್ನುಹತ್ತಿ ಕೇಳಿದುದರ ಫಲವಾಗಿ ಅರಿಜೋನ ಸಂಸ್ಥಾನವು ಅದೇ ವರ್ಷ ಸೆಲಿಗ್ಮನ್‌ನಿಂದ ಕಿಂಗ್ಮನ್‌ವರೆಗಿನ ಭಾಗವನ್ನು ಐತಿಹಾಸಿಕ ಮಾರ್ಗವೆಂದು ಸಾರಿತು. ಇತರ ಸಂಸ್ಥಾನಗಳಲ್ಲಿಯೂ ಇಂಥ ಸಂಘಗಳೆದ್ದುವು. ೧೯೯೯ರಲ್ಲಿ ದೇಶದ ಶಾಸನಸಭೆಯೇ ಹಳೆಯ ಕಟ್ಟಡಗಳ ದುರಸ್ತಿಗೆ ನೆರವು ನೀಡುವ ಕಾಯಿದೆಯನ್ನು ಮಾಡಿತು. ಇಂದು ಈ ದಾರಿಯ ಮೋಟೆಲುಗಳೆಂಬ ವಸತಿಗೃಹಗಳಲ್ಲಿ ಹಲವನ್ನು ನಡೆಯಿಸುತ್ತಿರುವವರು ನಮ್ಮ ಗುಜರಾತಿನಿಂದ ಹೋದ ಮನೆತನದವರು. ಗಂಡಹೆಂಡಿರು ಮಕ್ಕಳು ಕೂಡಿ, ಹಿಂದೆ ಮನೆ ಮುಂದೆ ವ್ಯಾಪಾರವಾಗಿ ಬಾಳುವರು. ಮುಚ್ಚಿಹೋಗಬಹುದಾಗಿದ್ದ ಎಷ್ಟೋ ಬಾಗಿಲುಗಳು ಇಂಥವರಿಂದ ತೆರೆದಿರುವುವು.

ಈ ದಾರಿಯಲ್ಲಿ ಹೋಗುವ ಅವಕಾಶ ನಮ್ಮ ವಾಚಕರಲ್ಲಿ ಯಾರಿಗಾದರೂ, ಇಲ್ಲವೆ ಅಲ್ಲಿ ನೆಲಸಿರುವ ಅವರ ಮಕ್ಕಳಿಗೆ, ಒದಗಬಹುದು. ಅಂಥವರಿಗೆ ನಮ್ಮ ಒಂದು ಸೂಚನೆ. ಧಕ್ಕೆಯ ಫಲಕವನ್ನು ಧಾರಾಳವಾಗಿ ನೋಡಿರಿ, ಚಿತ್ರವನ್ನೂ ತೆಗೆಸಿಕೊಳ್ಳಿರಿ. ಆದರೆ ಅದನ್ನು ಮುಟ್ಟುವ ಆತುರದಲ್ಲಿ ನಡುವಣ ಊರುಗಳನ್ನು ಹಾರಿ ಹೋಗಬೇಡಿರಿ. ಬಾರ್‌ಸ್ಟೊವಿನ ತಿರುವಿನಲ್ಲಿ ಒಂದು ಗಳಿಗೆ ನಿಲ್ಲಿರಿ. ಸಂಜೆಗೆ ದೊಡ್ಡ ಹೆದ್ದಾರಿಯ ಬದಿಯ ದೊಡ್ಡ ಹೋಟೆಲನ್ನು ಬಿಟ್ಟು, ಹಳೆಯ ಬೀದಿಯಲ್ಲಿ ದೀಪ ಉರಿಯುತ್ತಿರುವ ಒಂದು ಸಣ್ಣ ಮನೆಯಲ್ಲಿ ಇಳಿದುಕೊಳ್ಳಿರಿ. ಪಟ್ಟಿಯಿಂದ ಹೋದ ದಾರಿಯು ಇಷ್ಟು ವರ್ಷ ಬಾಳಿರುವುದು ಹೀಗೆ ಇಳಿದವರಿಂದಲೇ ಹೊರತು ಫಲಕದಿಂದಲ್ಲ. ಕೊಠಡಿಯ ಬೀಗದ ಕೈಯನ್ನು ಅವರು ನಿಮ್ಮ ಕೈಗೆ ಕೊಡುವಾಗ, ಇದೇ ಬೀದಿಯಲ್ಲಿ ಹಿಂದೊಮ್ಮೆ ಎಷ್ಟು ಸಂಸಾರಗಳು ಇದಿಷ್ಟಕ್ಕಾಗಿ ಬಾಗಿಲಿನಿಂದ ಬಾಗಿಲಿಗೆ ಅಲೆದುವೆಂಬುದನ್ನು ನೆನೆದರೆ, ದಾರಿ ಮುಗಿಯುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ಹೊಳೆದೀತು.